ಮಾವಿನ ಸಿಪ್ಪೆ ಹಾಕಿದ ಮೇಲೆ ಎರೆಹುಳ ಎಲ್ಲ ಡಬ್ಬ ಬಿಟ್ಟು ಹೊರಗೆ ಬರುತ್ತಿವೆ. ಏನು ಮಾಡಲಿ?

ಮೂರನೇ ಮಹಡಿ ತೋಟ (ವಿಜಯನಗರ, ಬೆಂಗಳೂರು)
ಜೂನ್ 4, ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಇವತ್ತು ಬೆಳಿಗ್ಗೆ ಬಾಲ್ಕನಿ ಬಾಗಿಲು ತೆಗೆದರೆ ನೆಲದ ಮೇಲೆ ಮೂವತ್ತೊಂದು ಎರೆಹುಳ. ಎಣಿಸಿದ್ದು ನನ್ನ ಮಗಳು, ಎರಡನೇ ಕ್ಲಾಸು. ನೀರು ಹೋಗುವ ತೂತಿನ ಹತ್ತಿರ ಹನ್ನೆರಡು ಇದ್ದವು. ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಒಂದಷ್ಟು. ಒಂದು ತುಳಸಿ ಕುಂಡ ಹತ್ತುತ್ತಿತ್ತು. ಅರ್ಧದಷ್ಟು ಆಗಲೇ ಒಣಗಿ, ದಾರದ ತುಂಡಿನ ಹಾಗೆ ನೆಲಕ್ಕೆ ಅಂಟಿಕೊಂಡಿದ್ದವು. ಬದುಕಿದ್ದವನ್ನು ಅವಳು ಪೇಪರ್ ಚೂರಿನಲ್ಲಿ ಒಂದೊಂದಾಗಿ ಎತ್ತಿ ಡಬ್ಬಕ್ಕೆ ಬಿಟ್ಟಳು. ಐದು ನಿಮಿಷ ಆಗಿಲ್ಲ, ಅವು ಮತ್ತೆ ಡಬ್ಬದ ಗೋಡೆ ಹತ್ತುತ್ತಿದ್ದವು. "ಅಮ್ಮಾ, ಅವಕ್ಕೆ ಒಳಗೆ ಇಷ್ಟ ಇಲ್ಲ" ಅಂದಳು. ನನಗೆ ಅಳು ಬಂತು.

ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ. ಬಾಲ್ಕನಿ ಪೂರ್ವಕ್ಕಿದೆ, ಹತ್ತು ಗಂಟೆವರೆಗೆ ಬಿಸಿಲು. ಎರೆಗೊಬ್ಬರ ಮಾಡೋಣ ಅಂತ ಫೆಬ್ರವರಿ ಮೊದಲ ವಾರ ಅರ್ಧ ಕೆಜಿ ಹುಳ ತಂದೆ. ಬಟ್ಟೆ ತುಂಬಿಡುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇದೆಯಲ್ಲ, ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅದಕ್ಕೆ ಸ್ಕ್ರೂಡ್ರೈವರ್ ಕಾಯಿಸಿ ತೂತು ಮಾಡಿದ್ದೇನೆ. ಕೆಳಗೆ ನೀರು ಬಸಿಯಲು ಒಂದು ತಟ್ಟೆ. ತೆಂಗಿನ ನಾರಿನ ಪುಡಿ ಹಾಸಿ, ಮೇಲೆ ಎರಡು ಬೊಗಸೆ ಸಗಣಿ ಹಾಕಿದ್ದೆ. ಆಗ ಅವರೆಕಾಯಿ ಸೀಸನ್ ಮುಗಿಯುತ್ತಾ ಬಂದಿತ್ತು. ಅವರೆ ಸಿಪ್ಪೆ, ಸೊಪ್ಪಿನ ದಂಟು, ಫಿಲ್ಟರ್ ಕಾಫಿ ಚರಟ ಹಾಕುತ್ತಿದ್ದೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಮಾರ್ಚ್ ಕೊನೆಗೆ ಒಂದು ಸಲ ಗೊಬ್ಬರ ತೆಗೆದು ದಾಸವಾಳಕ್ಕೆ ಹಾಕಿದೆ.

ತೊಂದರೆ ಶುರುವಾದದ್ದು ಮಾವಿನ ಕಾಲದಲ್ಲಿ. ಊರಿಂದ ಎರಡು ಬುಟ್ಟಿ ರಸಪುರಿ ಬಂತು. ಆಮೇಲೆ ಒಂದು ಹಲಸು. ಸಿಪ್ಪೆ, ರಸ ಹಿಂಡಿ ಉಳಿದದ್ದು, ಹಲಸಿನ ಒಳಗಿನ ನಾರು, ಎಲ್ಲ ಡಬ್ಬಕ್ಕೇ. ದಿನಕ್ಕೆ ಎರಡು ಕೆಜಿ ಆಗಿರಬಹುದು. ಹುಳ ಕೊಟ್ಟ ನರ್ಸರಿಯಲ್ಲಿ "ಅಡುಗೆಮನೆದು ಏನಿದ್ದರೂ ಹಾಕಿ, ತಿನ್ನುತ್ತವೆ" ಅಂದಿದ್ದರು. ನಮ್ಮ ಅತ್ತೆ ಅಕ್ಕಿ ತೊಳೆದ ನೀರನ್ನೂ ದಿನಾ ಅದಕ್ಕೇ ಸುರಿಯುತ್ತಿದ್ದರು, ಒಳ್ಳೆಯದಾಗಲಿ ಅಂತಲೇ. ಗೊಬ್ಬರ ಬೇಗ ಆಗುತ್ತದೆ ಅಂತ ಯಾರೋ ಹೇಳಿದ್ದು ಕೇಳಿ ಹೋದ ವಾರ ನಾನು ಹುಳಿ ಮಜ್ಜಿಗೆ ಕೂಡ ಹಾಕಿದೆ.

ಈಗ ಡಬ್ಬಕ್ಕೆ ಕೈ ಹಾಕಿದರೆ ಬೆಚ್ಚಗಿದೆ, ದೋಸೆ ಹಿಟ್ಟು ಉಕ್ಕಿ ಬಂದ ಪಾತ್ರೆಯ ಹಾಗೆ. ವಾಸನೆಯೂ ಅದೇ, ಇನ್ನೂ ಜಾಸ್ತಿ ಹುಳಿ. ತುಂಬ ಸಣ್ಣ ನೊಣ. ತಳದಲ್ಲಿ ಕಪ್ಪು ಕೆಸರು. ಮುಚ್ಚಳದ ಒಳಗೆಲ್ಲ ಹುಳ ಗುಂಪು ಗುಂಪಾಗಿ ಅಂಟಿವೆ. ಮೊನ್ನೆ ಮಳೆ ಬಂದ ರಾತ್ರಿಯಿಂದ ಹೊರಗೆ ಬರುವುದು ಜಾಸ್ತಿ ಆಗಿದೆ. ಇನ್ನೊಂದು ವಿಷಯ, ಸಿಪ್ಪೆಯ ಕೆಳಗೆ ನೂರಾರು ಬಿಳಿ ಎಳೆ ಎಳೆ ಹುಳ ಕಾಣುತ್ತಿವೆ. ಅವು ಮರಿಗಳಾ?

ಇವನ್ನು ಉಳಿಸಿಕೊಳ್ಳಲು ಆಗುತ್ತಾ? ದಿನಕ್ಕೆ ಎಷ್ಟು ಹಾಕಬೇಕು ಅನ್ನುವುದನ್ನು ಯಾರಾದರೂ ಸರಿಯಾಗಿ ಹೇಳಿ.

---

ಕೈತೋಟ ಮೈಸೂರು
ಜೂನ್ 4, ಬೆಳಿಗ್ಗೆ 8:25

ಗಾಬರಿ ಆಗಬೇಡಿ ಮೇಡಂ. ಹುಳಿ ಏರಿದೆ, ಅಷ್ಟೇ. ಎಲೆ ಅಡಿಕೆಗೆ ಹಾಕುವ ಸುಣ್ಣ ಒಂದು ಚಮಚ ಒಂದು ಚೊಂಬು ನೀರಿಗೆ ಕಲಸಿ ಚಿಮುಕಿಸಿ, ಹುಳಿ ಇಳಿಯುತ್ತದೆ. ನನ್ನ ಟೆರೇಸಿನ ಕುಂಡಗಳಿಗೆ ಹೀಗೇ ಮಾಡುತ್ತೇನೆ.

ಇವತ್ತು ರಾತ್ರಿ ಮುಚ್ಚಳ ತೆಗೆದಿಟ್ಟು ಬಾಲ್ಕನಿ ಲೈಟ್ ಹಾಕಿಯೇ ಇರಿ. ಬೆಳಕಿದ್ದರೆ ಮೇಲೆ ಬರುವುದಿಲ್ಲ. ಇದು ನಾನೇ ಮಾಡಿ ನೋಡಿದ್ದು.

---

ಅಡಿಕೆ ಚಪ್ಪರ (ಸಾಗರ)
ಜೂನ್ 4, ಮಧ್ಯಾಹ್ನ 1:50

ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. 1999ರಿಂದ ಎರೆಹುಳ ಸಾಕುತ್ತಿದ್ದೇನೆ. ಕೊಟ್ಟಿಗೆಯ ಹಿಂದೆ ಎರಡು ಸಿಮೆಂಟ್ ತೊಟ್ಟಿ ಇವೆ, ಮೇಲೆ ಸೋಗೆಯ ಚಪ್ಪರ. ಊಟ ಮಾಡಿ ಬಂದು ನಿಮ್ಮ ಬರಹ ಓದಿದೆ, ಮಲಗಲು ಮನಸ್ಸು ಬರಲಿಲ್ಲ.

ಮೊದಲು ಒಂದು ಮಾತು. ದಯವಿಟ್ಟು ತಿನ್ನುವ ಸುಣ್ಣ ಹಾಕಬೇಡಿ. ಹಾಕಿಯಾಗಿದ್ದರೆ ಅಷ್ಟು ಭಾಗ ಎತ್ತಿ ಹೊರಗೆ ಹಾಕಿ. ಮೈಸೂರಿನವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ತೋಟದ ಮಣ್ಣಿಗೆ ನಾವೂ ಸುಣ್ಣ ಹಾಕುವವರೇ. ಆದರೆ ಎಲೆಗೆ ಸುಣ್ಣ ಜಾಸ್ತಿ ಹಚ್ಚಿದರೆ ನಮ್ಮ ನಾಲಿಗೆಯೇ ಸುಡುತ್ತದೆ ಅಲ್ವಾ? ಎರೆಹುಳ ಉಸಿರಾಡುವುದೇ ಚರ್ಮದಿಂದ. ಆ ಒದ್ದೆ ಚರ್ಮಕ್ಕೆ ಸುಣ್ಣದ ನೀರು ತಾಗಿದರೆ ಉಳಿಯುವುದಿಲ್ಲ. ಹುಳಿ ಇಳಿಸಬೇಕಾದರೆ ಮೊಟ್ಟೆ ಸಿಪ್ಪೆ ಒಣಗಿಸಿ ನುಣ್ಣಗೆ ಪುಡಿ ಮಾಡಿ ಉದುರಿಸಿ. ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಅಂದರೆ ಕಪ್ಪೆಚಿಪ್ಪಿನ ಪುಡಿ ಆಗುತ್ತದೆ. ಅದು ಸುಟ್ಟದ್ದಾಗಿರಬಾರದು, ಹಸಿ ಚಿಪ್ಪು ಕುಟ್ಟಿದ್ದಾಗಿರಬೇಕು. ಸುಟ್ಟರೆ ಅದೂ ಸುಣ್ಣವೇ. ಚಿಪ್ಪಿನ ಪುಡಿಯಿಂದ ಇನ್ನೊಂದು ಉಪಕಾರ ಇದೆ. ಎರೆಹುಳಕ್ಕೆ ಹಲ್ಲಿಲ್ಲ. ಕೋಳಿಗೆ ಇದ್ದ ಹಾಗೆ ಹೊಟ್ಟೆಯಲ್ಲಿ ಅರೆಯುವ ಚೀಲ ಇದೆ, ಅದಕ್ಕೆ ಒರಟು ಕಣ ಬೇಕು.

ಆದರೆ ನಿಮ್ಮ ಡಬ್ಬ ಈಗಿರುವ ಸ್ಥಿತಿಗೆ ಯಾವ ಪುಡಿಯೂ ಸಾಲದು. ಹುಳವನ್ನು ಅದರಿಂದ ಹೊರಗೆ ತರಬೇಕು. ಇವತ್ತೇ ಮಾಡಿ.

ಅಗಲವಾದ ಇನ್ನೊಂದು ಪಾತ್ರೆ ತೆಗೆದುಕೊಳ್ಳಿ. ಹಳೆ ಬಕೆಟ್ಟು, ಟಬ್ಬು, ತಳ ತೂತಾದ ಬೇಸಿನ್, ಏನಾದರೂ ಸರಿ. ರಟ್ಟಿನ ಪೆಟ್ಟಿಗೆಯ ಟೇಪ್ ಕಿತ್ತು ರಟ್ಟನ್ನು ಚೂರು ಮಾಡಿ. ಹಳೆ ಪೇಪರ್ ಪಟ್ಟಿ ಪಟ್ಟಿ ಹರಿಯಿರಿ, ಮಿರುಗುವ ಬಣ್ಣದ ಪುಟ ಬೇಡ. ಎರಡನ್ನೂ ನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡಿ. ಒಣ ಎಲೆ ಸಿಕ್ಕಿದಷ್ಟು ಸೇರಿಸಿ. ನಾವು ದರಗು ಅನ್ನುತ್ತೇವೆ, ನಿಮ್ಮ ರಸ್ತೆಯಲ್ಲಿ ಹೊಂಗೆ ಮರ ಇದ್ದೇ ಇರುತ್ತದೆ, ಅದರ ಎಲೆ ಸಾಕು. ಹಾಲಿನವರ ಕೊಟ್ಟಿಗೆ ಹತ್ತಿರ ಇದ್ದರೆ ಹದಿನೈದು ದಿನ ಹಳೆಯ ಸಗಣಿ ಎರಡು ಬೊಗಸೆ ತನ್ನಿ. ಹಸಿ ಸಗಣಿ ಬೇಡ, ಕಾವು ಏರುತ್ತದೆ. ಹಸುವಿಗೆ ಜಂತುಹುಳದ ಔಷಧಿ ಕೊಟ್ಟಿದ್ದಾರಾ ಅಂತ ಕೇಳಿ, ಕೊಟ್ಟ ಹೊಸದರ ಸಗಣಿ ತರಬೇಡಿ. ಎಲ್ಲ ಕಲಸಿ ಅರ್ಧ ಅಡಿ ದಪ್ಪ ಹಾಸಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ನೋಡಿ. ಬೆರಳ ಸಂದಿಯಿಂದ ಒಂದೆರಡು ಹನಿ ಬಂದರೆ ಹದ. ಧಾರೆಯಾಗಿ ಇಳಿದರೆ ನೀರು ಜಾಸ್ತಿ.

ಮುಚ್ಚಳಕ್ಕೆ ಅಂಟಿದ ಹುಳವನ್ನು ಮೊದಲು ಈ ಹೊಸ ಹಾಸಿಗೆಗೆ ಬಿಡಿ, ಅವೇ ಗಟ್ಟಿ ಹುಳ. ಆಮೇಲೆ ಹಳೆ ಡಬ್ಬದ್ದನ್ನು ಪೇಪರಿನ ಮೇಲೆ ಸುರಿದು ಆರಿಸಿ. ಆ ಸಿಪ್ಪೆಯ ಕೆಸರು ಹೊಸ ಹಾಸಿಗೆಗೆ ಬೇಡ. ಅದಕ್ಕೆ ಒಣ ಎಲೆ ಕಲಸಿ ಬೇರೆ ಬಕೆಟ್ಟಿನಲ್ಲಿ ಬಾಯಿ ತೆರೆದಿಡಿ. ಹುಳಕ್ಕೆ ಐದಾರು ದಿನ ಏನೂ ಹಾಕಬೇಡಿ. ಉಪವಾಸ ಬೀಳುವುದಿಲ್ಲ, ರಟ್ಟು, ಸಗಣಿ, ಎಲೆ ಎಲ್ಲವೂ ಅವಕ್ಕೆ ಊಟವೇ. ಲೈಟಿನ ಮಾತು ಮೈಸೂರಿನವರು ಸರಿಯಾಗಿ ಹೇಳಿದ್ದಾರೆ. ಮೂರು ರಾತ್ರಿ ಹಾಕಿಡಿ.

ಈಗ ಎಷ್ಟು ಹಾಕಬೇಕು ಅನ್ನುವ ಪ್ರಶ್ನೆ. ಹುಳದ ತೂಕದ ಅರ್ಧದಷ್ಟು ದಿನಕ್ಕೆ ತಿನ್ನುತ್ತವೆ ಅನ್ನುವುದು ಲೆಕ್ಕ. ಅದೂ ಹದ, ಕಾವು ಎಲ್ಲ ಸರಿಯಿದ್ದಾಗ. ಅರ್ಧ ಕೆಜಿ ಹುಳ ಅಂದರೆ ಕಾಲು ಕೆಜಿ. ನೀವು ಹಾಕಿದ್ದು ಎರಡು ಕೆಜಿ, ಎಂಟು ಪಟ್ಟು. ಉಳಿದದ್ದು ಅಲ್ಲೇ ಹುಳಿಯಿತು, ಕಾವು ಬಂತು, ಗಾಳಿ ಹೋಯಿತು. ಒಳಗೆ 30 ಡಿಗ್ರಿ ದಾಟಿದರೆ ಹುಳಕ್ಕೆ ಕಷ್ಟ, 35ರಲ್ಲಿ ಸಾಯಲು ಶುರು. ಅವು ಓಡಿ ಬಂದದ್ದು ಜೀವ ಉಳಿಸಿಕೊಳ್ಳಲು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎರೆಹುಳ ತಾಜಾ ಸಿಪ್ಪೆ ತಿನ್ನುವುದೇ ಇಲ್ಲ. ಸಿಪ್ಪೆ ಮೆತ್ತಗಾಗಿ, ಬೂಷ್ಟು ಬಂದು, ಅದರ ಮೇಲೆ ಸೂಕ್ಷ್ಮಜೀವಿ ಬೆಳೆದ ಮೇಲೆ ಅದನ್ನು ಹೀರಿಕೊಳ್ಳುತ್ತವೆ. ಅದಕ್ಕೇ ನೀವು ಹಾಕುವ ಮೊದಲು ಹಿಂದಿನ ಜಾಗ ಕೆದಕಿ ನೋಡಿ. ಹೋದ ಸಲ ಹಾಕಿದ್ದು ಗುರುತು ಸಿಗುವ ಹಾಗಿದ್ದರೆ ಇವತ್ತು ಹಾಕಬೇಡಿ. ನನ್ನ ಹೆಂಡತಿ ತೊಟ್ಟಿಯನ್ನು ಮನಸ್ಸಿನಲ್ಲೇ ನಾಲ್ಕು ಮೂಲೆ ಮಾಡಿಕೊಂಡಿದ್ದಾಳೆ. ಒಂದೊಂದು ಸಲ ಒಂದೊಂದು ಮೂಲೆಯಲ್ಲಿ ಹೂತು, ಮೇಲೆ ದರಗು ಮುಚ್ಚುತ್ತಾಳೆ. ನಾಲ್ಕನೆಯದು ಮುಗಿಯುವ ಹೊತ್ತಿಗೆ ಮೊದಲನೆಯದರಲ್ಲಿ ಸಿಪ್ಪೆ ಇರುವುದಿಲ್ಲ. ಸಿಪ್ಪೆಯನ್ನು ಮೇಲೆ ಹಾಗೇ ಬಿಟ್ಟದ್ದರಿಂದಲೇ ನಿಮ್ಮಲ್ಲಿ ನೊಣ.

ಮಾವು, ಹಲಸು ಪೂರ್ತಿ ಬಿಡಬೇಕಿಲ್ಲ. ಬೇರೆ ಮಡಕೆಯಲ್ಲಿ ಒಣ ಎಲೆ ಕಲಸಿ ಹತ್ತು ಹದಿನೈದು ದಿನ ಕೊಳೆಯಲು ಬಿಡಿ. ಕಾವು ಬಂದು ಇಳಿದ ಮೇಲೆ ಸ್ವಲ್ಪ ಸ್ವಲ್ಪ ಕೊಡಿ. ಬಾಳೆ ಸಿಪ್ಪೆ, ಪರಂಗಿ, ಸಿಹಿಗುಂಬಳದ ಒಳಗಿನ ತಿರುಳು, ಕಲ್ಲಂಗಡಿ ಸಿಪ್ಪೆ ಅವಕ್ಕೆ ಬಹಳ ಪ್ರೀತಿ. ಕಾಫಿ ಚರಟವೂ ಒಳ್ಳೆಯದು. ಚಹಾ ಸೊಪ್ಪನ್ನು ಮಾತ್ರ ಹಾಲು ಸಕ್ಕರೆ ಹೋಗುವ ಹಾಗೆ ತೊಳೆದು ಹಾಕಿ. ನಿಂಬೆ, ಮೂಸಂಬಿ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಬೇಡ. ಉಪ್ಪು, ಎಣ್ಣೆ ಬಿದ್ದ ಅಡುಗೆ ಬೇಡ. ಉಪ್ಪಿನಕಾಯಿ ಚೂರಂತೂ ಬೀಳಲೇಬಾರದು. ಮಜ್ಜಿಗೆ ಸಾದಾ ಗೊಬ್ಬರದ ಗುಂಡಿಗೆ ಸರಿ, ಹುಳ ಇರುವ ಕಡೆ ಬೇಡ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ ಹಾಕಲು ನಿಮ್ಮ ಅತ್ತೆಗೆ ಹೇಳಿ, ಅದಕ್ಕೆ ಒಳ್ಳೆಯದು.

ಬಿಳಿ ಎಳೆಗಳ ವಿಷಯ. ಮೊಬೈಲ್ ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಎರೆಹುಳದ ಮರಿಯ ಮೈ ಪಾರದರ್ಶಕ, ಮಧ್ಯದಲ್ಲಿ ಕೆಂಪು ಗೆರೆ ಕಾಣುತ್ತದೆ. ಅದು ರಕ್ತ. ಕೆಂಪೇ ಇಲ್ಲದೆ ಪೂರ್ತಿ ಬಿಳಿ ಇದ್ದರೆ ಅದು ಬೇರೆ ಜಾತಿ, ಹುಳಿ ಮತ್ತು ನೀರು ಜಾಸ್ತಿಯಾದಾಗ ಬರುತ್ತದೆ. ಕೆಟ್ಟದ್ದಲ್ಲ, ಹದ ಸರಿಯಾದರೆ ತಾನೇ ಕಡಿಮೆಯಾಗುತ್ತದೆ.

ನಿಮ್ಮ ಹುಳ ಎಷ್ಟು ಉದ್ದ ಇವೆ, ಬಣ್ಣ ಏನು ಅಂತ ತಿಳಿಸಿ.

---

ಮೂರನೇ ಮಹಡಿ ತೋಟ
ಜೂನ್ 4, ರಾತ್ರಿ 10:40

ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಸುಣ್ಣ ಇನ್ನೂ ಹಾಕಿರಲಿಲ್ಲ. ಚೊಂಬಿಗೆ ನೀರು ತುಂಬಿಟ್ಟಿದ್ದೆ, ಅಷ್ಟರಲ್ಲಿ ನಿಮ್ಮ ಉತ್ತರ ಬಂತು.

ಸಂಜೆ ಐದರಿಂದ ಒಂಬತ್ತರವರೆಗೆ ಮೂವರೂ ಕೂತು ಮಾಡಿದೆವು. ಅತ್ತೆ ರಟ್ಟು ಹರಿದರು, ಮಗಳು ಹುಳ ಆರಿಸಿದಳು. ಡಬ್ಬದ ತಳದಲ್ಲಿ ಎರಡು ಇಂಚು ಕೆಸರು ನಿಂತಿತ್ತು, ತೂತುಗಳೆಲ್ಲ ನಾರಿನ ಪುಡಿಯಿಂದ ಮುಚ್ಚಿಹೋಗಿದ್ದವು. ಅಲ್ಲಿ ಒಂದು ಹುಳವೂ ಇರಲಿಲ್ಲ. ಎಲ್ಲ ಮೇಲೆ, ಡಬ್ಬದ ನಾಲ್ಕು ಮೂಲೆಯಲ್ಲಿ ಗಂಟು ಕಟ್ಟಿಕೊಂಡಿದ್ದವು. ಒಂದು ಗಂಟು ಬಿಡಿಸಿದರೆ ಮಧ್ಯದಲ್ಲಿ ಚಿಕ್ಕವು, ಸುತ್ತ ದೊಡ್ಡವು. ಹಾಗೆ ಬೇಕೆಂದೇ ಮಾಡಿಕೊಂಡಿದ್ದವೋ ಏನೋ, ನೋಡಿ ಸಂಕಟ ಆಯಿತು.

ಮಗಳು ಸ್ಕೇಲ್ ತಂದು ಅಳೆದಳು. ದೊಡ್ಡದು 18 ಸೆಂಟಿಮೀಟರ್. ಬಣ್ಣ ನೇರಳೆ ಕಂದು, ಬೆಳಕಿಗೆ ಹಿಡಿದರೆ ಸ್ವಲ್ಪ ನೀಲಿ ಮಿಂಚುತ್ತದೆ. ಬಿಳಿ ಎಳೆಗಳಲ್ಲಿ ಕೆಂಪು ಗೆರೆ ಇಲ್ಲ.

ಸಗಣಿ ನಾಳೆ ತರುತ್ತೇನೆ. ಬಾಲ್ಕನಿ ಲೈಟ್ ಉರಿಯುತ್ತಿದೆ.

---

ಅಡಿಕೆ ಚಪ್ಪರ
ಜೂನ್ 5, ಬೆಳಿಗ್ಗೆ 6:15

18 ಸೆಂಟಿಮೀಟರ್ ಮತ್ತು ನೇರಳೆ ಅಂದರೆ ಆಫ್ರಿಕನ್ ಎರೆಹುಳ, ಯೂಡ್ರಿಲಸ್ ಅನ್ನುತ್ತಾರೆ. ನನ್ನಲ್ಲಿರುವುದೂ ಅದೇ. ತುಂಬ ತಿನ್ನುತ್ತದೆ, ಬೇಗ ಬೆಳೆಯುತ್ತದೆ, ಆದರೆ ಮಳೆ ಬಂದ ರಾತ್ರಿ ಊರು ಸುತ್ತಲು ಹೊರಡುತ್ತದೆ. ಐಸೀನಿಯಾ ಫೆಟಿಡಾ ಅಂತ ಇನ್ನೊಂದಿದೆ, ಚಿಕ್ಕದು, ಮೈ ಮೇಲೆ ಹಳದಿ ಕೆಂಪು ಪಟ್ಟೆ. ಅದು ಚಳಿಯನ್ನೂ ಹೆಚ್ಚು ತಡೆಯುತ್ತದೆ. ನಿಮ್ಮದಕ್ಕೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಮೇಲೆ ಗೋಣಿತಟ್ಟು ಹೊದಿಸಿ.

ಇವೆರಡೂ ಮೇಲಿನ ಅರ್ಧ ಅಡಿಯಲ್ಲೇ ಬದುಕುವ ಹುಳ. ಹಾಗಾಗಿ ಡಬ್ಬ ಆಳ ಇದ್ದು ಪ್ರಯೋಜನವಿಲ್ಲ, ಅಗಲ ಇರಬೇಕು. ಹಿತ್ತಿಲ ಮಣ್ಣು ಅಗೆದಾಗ ಸಿಗುವ ಹುಳ ತಂದು ಹಾಕಬೇಡಿ. ಅದು ಮಣ್ಣಿನ ಆಳದ ಜೀವ, ಡಬ್ಬದಲ್ಲಿ ಉಳಿಯುವುದಿಲ್ಲ.

ಎರೆಗೊಬ್ಬರದ ಬಗ್ಗೆ ನಮ್ಮಲ್ಲಿ ಇಷ್ಟು ತಿಳಿವಳಿಕೆ ಬಂದಿರುವುದರ ಹಿಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಅವರಂಥವರ ವರ್ಷಗಟ್ಟಲೆ ಕೆಲಸ ಇದೆ. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ನಿಮ್ಮ ಊರಲ್ಲೇ ಇದೆ, ಕೃಷಿ ಮೇಳದ ಸಮಯದಲ್ಲಿ ಮಗಳನ್ನು ಕರೆದುಕೊಂಡು ಹೋಗಿ.

ಔಷಧಿಯ ಬಗ್ಗೆ ನನಗೆ ಪೆಟ್ಟು ಬಿದ್ದದ್ದು ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ನಾವು ಬೋರ್ಡೋ ಹೊಡೆಯುತ್ತೇವೆ. ಮೈಲುತುತ್ತ ಮತ್ತು ಸುಣ್ಣ. ಒಂದು ವರ್ಷ ಔಷಧಿ ಹೊಡೆದ ಮರದ ಹಾಳೆಯನ್ನೇ ತೊಟ್ಟಿಗೆ ಹಾಸಿದೆ. ಹಾಳೆ ಮೇಲೆ ನೀಲಿ ಕಲೆ ಕಾಣುತ್ತಲೇ ಇತ್ತು, ಏನಾಗುತ್ತದೆ ಬಿಡು ಅಂದುಕೊಂಡೆ. ಎರಡು ವಾರದಲ್ಲಿ ಆ ಬದಿ ಹುಳ ಖಾಲಿ. ತಾಮ್ರ ಎರೆಹುಳಕ್ಕೆ ವಿಷ. ಅಂದಿನಿಂದ ತೊಟ್ಟಿಗೆ ಬೇಕಾದ ದರಗು, ಹಾಳೆ ಎಲ್ಲ ಔಷಧಿಗೆ ಮೊದಲೇ, ಮೇ ತಿಂಗಳಲ್ಲಿ ಅಟ್ಟಕ್ಕೆ ಏರಿಸಿಡುತ್ತೇನೆ. ನೀವೂ ಮನೆಯಲ್ಲಿ ಜಿರಳೆ, ಇರುವೆಗೆ ಸ್ಪ್ರೇ ಹೊಡೆಯುವಾಗ ಬಾಲ್ಕನಿ ಬಾಗಿಲು ಹಾಕಿಕೊಳ್ಳಿ.

---

ಕೈತೋಟ ಮೈಸೂರು
ಜೂನ್ 5, ಬೆಳಿಗ್ಗೆ 9:00

ಸುಣ್ಣದ ವಿಷಯ ತಿದ್ದಿದ್ದಕ್ಕೆ ಸಾಗರದವರಿಗೆ ವಂದನೆ. ಕುಂಡದ ಮಣ್ಣಿಗೂ ಹುಳದ ಡಬ್ಬಕ್ಕೂ ಒಂದೇ ಅಂದುಕೊಂಡಿದ್ದೆ. ಮೇಡಂ, ನೀವು ಹಾಕದೆ ಇದ್ದದ್ದು ದೊಡ್ಡ ನೆಮ್ಮದಿ.

ಮಾವಿನ ಕೆಸರು ಬೇರೆ ಬಕೆಟ್ಟಿನಲ್ಲಿ ಇಟ್ಟಿದ್ದೀರಲ್ಲ, ಅದರಲ್ಲಿ ಚಪ್ಪಟೆಯಾದ, ಬೂದು ಬಣ್ಣದ, ದಪ್ಪ ಹುಳ ಬಂದರೆ ಹೆದರಬೇಡಿ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿ ಅವು. ಕಚ್ಚುವುದಿಲ್ಲ. ಹಸಿ ಸಿಪ್ಪೆಯನ್ನು ಎರೆಹುಳಕ್ಕಿಂತ ಬೇಗ ಮುಗಿಸುತ್ತವೆ. ನಾನು ಈಗ ಹಣ್ಣಿನ ಸಿಪ್ಪೆ ಎಲ್ಲ ಅವಕ್ಕೇ ಬಿಟ್ಟಿದ್ದೇನೆ. ಎರೆಹುಳದ ಡಬ್ಬದಲ್ಲಿ ಮಾತ್ರ ಅವು ಜಾಸ್ತಿ ಆಗದ ಹಾಗೆ ನೋಡಿಕೊಳ್ಳಿ, ಕಾವು ಏರಿಸುತ್ತವೆ.

---

ತೊಗರಿ ಹೊಲ (ಕಲಬುರಗಿ)
ಜೂನ್ 6, ಸಂಜೆ 7:30

ಅಕ್ಕಾರ, ನಮಸ್ಕಾರ. ನಮ್ಮ ಕಲಬುರಗಿ ಬಿಸಿಲಿನಲ್ಲಿ ಎರೆಹುಳ ಉಳಿಸಿಕೊಂಡವ ನಾನು, ಅದಕ್ಕೆ ಎರಡು ಮಾತು ಬರೆಯುತ್ತೇನೆ. ಇಲ್ಲಿ ಮೇ ತಿಂಗಳು ಅಂದರೆ 42, 43 ಡಿಗ್ರಿ.

ಪ್ಲಾಸ್ಟಿಕ್ ಡಬ್ಬ ಬಿಸಿಲಿಗೆ ಇಡಬೇಡಿ. ಹತ್ತು ಗಂಟೆವರೆಗೆ ಬಿಸಿಲು ಬೀಳುತ್ತದೆ ಅಂದಿರಿ, ಅದೂ ಜಾಸ್ತಿಯೇ. ನಾನು ಮೊದಲ ಬೇಸಿಗೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟು ಒಂದೇ ಮಧ್ಯಾಹ್ನದಲ್ಲಿ ಎಲ್ಲ ಕಳೆದುಕೊಂಡೆ. ಬಸಿದು ನೀರಾಗಿದ್ದವು. ಆಮೇಲೆ ಕುಂಬಾರರ ಹತ್ತಿರ ಅಗಲ ಬಾಯಿಯ ಹರವಿ ತಂದೆ. ನೀರು ಕುಡಿಯುವ ಹರವಿಯಲ್ಲಿ ನೀರು ಹೆಂಗ ತಂಪಾಗಿರುತ್ತದೋ, ಹುಳವೂ ಹಂಗೇ ಇರುತ್ತವೆ. ತಳಕ್ಕೆ ಮೂರು ತೂತು, ಅದರ ಮೇಲೆ ಹೆಂಚಿನ ಚೂರು ಮಗುಚಿಟ್ಟರೆ ತೂತು ಮುಚ್ಚಿಕೊಳ್ಳುವುದಿಲ್ಲ. ಹೊರಗಿನಿಂದ ಹಸಿ ಗೋಣಿತಟ್ಟು ಸುತ್ತಿ ಬೇವಿನ ಮರದ ಕೆಳಗೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಗೋಣಿತಟ್ಟಿಗೆ ದಿನಕ್ಕೆ ಮೂರು ಸಲ ನೀರು, ಒಳಗೆ ಅಲ್ಲ. ಈ ತಪ್ಪು ಬಹಳ ಮಂದಿ ಮಾಡುತ್ತಾರೆ. ಬಿಸಿಲು ಅಂತ ಒಳಗೆ ಚೊಂಬುಗಟ್ಟಲೆ ಸುರಿದು ಮುಳುಗಿಸಿಬಿಡುತ್ತಾರೆ.

ಎರಡನೆಯದು ನೀರು. ನಮ್ಮ ಬೋರಿನ ನೀರು ಸವುಳು. ಅದನ್ನೇ ಚಿಮುಕಿಸುತ್ತಿದ್ದಾಗ ಹುಳ ಸಣಕಲಾಗಿ ಮೊಟ್ಟೆ ಇಡುವುದೇ ನಿಲ್ಲಿಸಿದ್ದವು. ಈಗ ಮಳೆ ನೀರು ಹಿಡಿದಿಟ್ಟು ಅದನ್ನೇ ಬಳಸುತ್ತೇನೆ. ನಿಮಗೆ ನಲ್ಲಿ ನೀರು ಬರುತ್ತಿದ್ದರೆ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ಹಾಕಿ, ಕ್ಲೋರಿನ್ ವಾಸನೆ ಹೋಗುತ್ತದೆ. ತೆಂಗಿನ ನಾರಿನ ಪುಡಿ ಇಟ್ಟಿಗೆ ರೂಪದಲ್ಲಿ ತಂದಿದ್ದರೆ ಅದರಲ್ಲೂ ಉಪ್ಪು ಇರಬಹುದು. ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಿ.

ಇರುವೆ ಬಂದರೆ ಒಳಗೆ ಒಣಗಿದೆ ಅಂತ ತಿಳಿಯಿರಿ. ಹರವಿಯನ್ನು ಮೂರು ಕಲ್ಲಿನ ಮೇಲೆ ಇಟ್ಟು, ಕಲ್ಲಿನ ಕೆಳಗೆ ನೀರು ತುಂಬಿದ ತಟ್ಟೆ ಇಡುತ್ತೇನೆ. ಊಟದ ಡಬ್ಬಿಗೆ ಮಾಡುವ ಹಾಗೇ. ಛಲೋ ಕೆಲಸ ಮಾಡುತ್ತದೆ.

ನಿಮ್ಮ ಮಗಳಿಗೆ ಒಂದು ಮಾತು ಹೇಳ್ರಿ. ಒಣಗಿದ ಹುಳ ಎತ್ತುವಾಗ ಕೈ ಮೊದಲು ಒದ್ದೆ ಮಾಡಿಕೊಳ್ಳಬೇಕು. ಒಣ ಬೆರಳಿಗೆ ಅದರ ಚರ್ಮ ಅಂಟುತ್ತದೆ.

---

ಮೂರನೇ ಮಹಡಿ ತೋಟ
ಜುಲೈ 18, ರಾತ್ರಿ 9:05

ಆರು ವಾರ ಆಯಿತು. ಸಹಾಯ ಮಾಡಿದ ಎಲ್ಲರಿಗೂ ಏನಾಯಿತು ಅಂತ ತಿಳಿಸಲೇಬೇಕು.

ಮೊದಲ ರಾತ್ರಿ ಎರಡು ಹುಳ ಹೊರಗೆ ಬಂದವು. ಎರಡನೇ ರಾತ್ರಿ ಒಂದು. ಆಮೇಲೆ ಲೈಟ್ ಆರಿಸಿದರೂ ಬಂದಿಲ್ಲ. ಕಳೆದ ವಾರ ಎರಡು ದಿನ ಬಿಡದೆ ಮಳೆ ಬಂತು, ಆಗ ಮಾತ್ರ ಮೂರು. ಮಗಳು ಕೈ ಒದ್ದೆ ಮಾಡಿಕೊಂಡೇ ಎತ್ತಿದಳು.

ಡಬ್ಬವನ್ನು ಅಡುಗೆಮನೆಯ ಹಿಂದಿನ ಯುಟಿಲಿಟಿಗೆ ಸಾಗಿಸಿದೆ, ಅಲ್ಲಿ ಬಿಸಿಲಿಲ್ಲ. ತೂತಿನ ಮೇಲೆ ಹೆಂಚಿನ ಚೂರು ಇಟ್ಟಿದ್ದೇನೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇನೆ. ಮೊದಲ ಎರಡು ವಾರ ಎರಡು ದಿನಕ್ಕೊಮ್ಮೆ ನೂರು ಗ್ರಾಂ, ಈಗ ದಿನಾ ಇನ್ನೂರು. ನಾಲ್ಕು ಮೂಲೆಗೆ ಮಗಳು ಹೆಸರಿಟ್ಟಿದ್ದಾಳೆ: ಕಿಟಕಿ ಮೂಲೆ, ನಲ್ಲಿ ಮೂಲೆ, ಗೋಡೆ ಮೂಲೆ, ಅಜ್ಜಿ ಮೂಲೆ. ಯಾವ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಉಳಿದ ಸಿಪ್ಪೆ ಎರಡು ಮಡಕೆಯಲ್ಲಿ ಒಣ ಎಲೆ ಜೊತೆ ಕೊಳೆಯುತ್ತದೆ. ಎಲೆ ತರುವುದು ನಮ್ಮ ಬೀದಿ ಗುಡಿಸುವ ಅಕ್ಕ. ವಾರಕ್ಕೊಂದು ಚೀಲ ನನಗಾಗಿ ಕಟ್ಟಿಡುತ್ತಾರೆ. ಮೊದಲು ಅದನ್ನೆಲ್ಲ ರಸ್ತೆ ಪಕ್ಕ ಸುಡುತ್ತಿದ್ದರು.

ಬಿಳಿ ಎಳೆಗಳು ಪೂರ್ತಿ ಹೋಗಿಲ್ಲ, ಆದರೆ ಹುಡುಕಿದರೆ ಮಾತ್ರ ಕಾಣುತ್ತವೆ. ವಾಸನೆ ಮತ್ತೆ ಮಳೆ ಮಣ್ಣಿನದೇ.

ಇವತ್ತು ಬರೆಯಲು ಕಾರಣ ಬೇರೆ. ಸಂಜೆ ಅಜ್ಜಿ ಮೂಲೆ ಕೆದಕಿದಾಗ ಒಂದು ರಟ್ಟಿನ ಚೂರು ಮೆತ್ತಗಾಗಿ ಎರಡು ಪದರವಾಗಿ ಬಿಚ್ಚಿಕೊಂಡಿತು. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಎರಡೂ ತುದಿ ಚೂಪಾದ ಕಾಳಿನಂಥವು ಸಾಲಾಗಿ ಇದ್ದವು. ಕೆಲವು ಒಣ ಹುಲ್ಲಿನ ಬಣ್ಣ, ಕೆಲವು ಕಂದು. ಎಣಿಸಿದೆವು, ಹದಿನಾಲ್ಕು. ಅದರ ಪಕ್ಕದಲ್ಲೇ ಕೂದಲಿನಷ್ಟು ಸಣ್ಣ ಒಂದು ಹುಳ. ಟಾರ್ಚ್ ಹಾಕಿದೆ. ಕೆಂಪು ಗೆರೆ ಇತ್ತು ಸರ್. ಮಗಳು ಕೂಗಿಕೊಂಡಳು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿ, ರಟ್ಟನ್ನು ಇದ್ದ ಹಾಗೇ ಮುಚ್ಚಿಟ್ಟರು.

ಈಗ ಕೆಳಗಿನ ನಾಲ್ಕು ಇಂಚು ಕಪ್ಪು ಗೊಬ್ಬರ ಆಗಿದೆ, ಚಹಾ ಪುಡಿಯ ಹಾಗೆ ಉದುರುತ್ತದೆ. ಈ ಮೊಟ್ಟೆ, ಮರಿ ಇರುವಾಗ ಗೊಬ್ಬರ ತೆಗೆಯಬಹುದಾ? ಕೆಳಗಿನ ತಟ್ಟೆಯಲ್ಲಿ ಬಸಿದ ಕಂದು ನೀರು ಗಿಡಕ್ಕೆ ಹಾಕಬಹುದಾ?

---

ಅಡಿಕೆ ಚಪ್ಪರ
ಜುಲೈ 19, ಬೆಳಿಗ್ಗೆ 6:30

ಬೆಳಿಗ್ಗೆಯೇ ಒಳ್ಳೆಯ ಸುದ್ದಿ ಓದಿದೆ. ಹೊರಗೆ ಮಳೆ ಸುರಿಯುತ್ತಿದೆ, ನನ್ನ ಹೆಂಡತಿಗೂ ಓದಿ ಹೇಳಿದೆ. ಅಜ್ಜಿ ಮೂಲೆ ಅನ್ನುವ ಹೆಸರು ಅವಳಿಗೆ ಬಹಳ ಇಷ್ಟವಾಯಿತು.

ಅವು ಮೊಟ್ಟೆಯ ಗೂಡುಗಳೇ. ಒಂದರಲ್ಲಿ ಒಂದಕ್ಕಿಂತ ಹೆಚ್ಚು ಮರಿ ಇರಬಹುದು. ಇಟ್ಟಾಗ ತಿಳಿ ಬಣ್ಣ, ದಿನ ಕಳೆದ ಹಾಗೆ ಕಂದು. ಎರಡು ಮೂರು ವಾರದಲ್ಲಿ ಒಡೆಯುತ್ತವೆ. ಹುಳಕ್ಕೆ ಜಾಗ ಒಗ್ಗಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ.

ಬಸಿದ ನೀರು ಕಪ್ಪಾಗಿ ನಾರುತ್ತಿದ್ದರೆ ಹಾಕಬೇಡಿ. ವಾಸನೆ ಇಲ್ಲದಿದ್ದರೆ ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ ಗಿಡದ ಬುಡಕ್ಕೆ ಹಾಕಿ. ತಿನ್ನುವ ಸೊಪ್ಪಿನ ಎಲೆ ಮೇಲೆ ಬೇಡ. ದಿನಾ ತಟ್ಟೆ ತುಂಬುತ್ತಿದ್ದರೆ ಒಳಗೆ ನೀರು ಜಾಸ್ತಿ ಎಂದೇ ಅರ್ಥ, ಇನ್ನೊಂದಿಷ್ಟು ಒಣ ರಟ್ಟು ಸೇರಿಸಿ.

ಗೊಬ್ಬರ ತೆಗೆಯಲು ಮೂರು ದಿನ ನೀರು ಚಿಮುಕಿಸುವುದು ನಿಲ್ಲಿಸಿ. ಮೇಲಿನ ಹಾಸಿಗೆಯನ್ನು ಹುಳದ ಸಮೇತ ಹಾಗೇ ಎತ್ತಿ ಪಕ್ಕಕ್ಕಿಡಿ. ಕೆಳಗಿನ ಕಪ್ಪು ಗೊಬ್ಬರವನ್ನು ಪೇಪರ್ ಮೇಲೆ ಗೋಪುರದ ಹಾಗೆ ರಾಶಿ ಮಾಡಿ, ಬೆಳಕಿರುವ ಕಡೆ ಇಡಿ. ಬಿಸಿಲು ಬೇಡ, ಬೆಳಕು ಸಾಕು. ಹುಳ ಬೆಳಕಿಗೆ ಅಂಜಿ ಕೆಳಗೆ ಇಳಿಯುತ್ತವೆ. ಅರ್ಧ ಗಂಟೆ ಬಿಟ್ಟು ಮೇಲಿನ ಪದರ ಕೈಯಲ್ಲಿ ಮೆಲ್ಲಗೆ ಸವರಿ ತೆಗೆಯಿರಿ. ಮತ್ತೆ ಅರ್ಧ ಗಂಟೆ ಬಿಡಿ, ಮತ್ತೆ ಸವರಿ. ಕೊನೆಗೆ ತಳದಲ್ಲಿ ಹುಳದ ಮುದ್ದೆಯೊಂದು ಉಳಿಯುತ್ತದೆ, ಅದನ್ನು ಹಾಸಿಗೆಗೆ ವಾಪಸ್ ಬಿಡಿ. ಪೂರ್ತಿ ಗೊಬ್ಬರ ತೆಗೆಯಬೇಡಿ, ಕಾಲು ಭಾಗ ಡಬ್ಬದಲ್ಲೇ ಇರಲಿ.

ಮೊಟ್ಟೆಗೆ ಬೆಳಕಿನ ಅಂಜಿಕೆ ಇಲ್ಲ, ಅವು ಇಳಿಯುವುದಿಲ್ಲ, ಗೊಬ್ಬರದಲ್ಲೇ ಇರುತ್ತವೆ. ಅವನ್ನು ಕೈಯಲ್ಲೇ ಆರಿಸಬೇಕು. ನನಗೆ ಈಗ ಅಷ್ಟು ಸಣ್ಣದು ಕಾಣುವುದಿಲ್ಲ, ಮೊಮ್ಮಗ ಬಂದಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ನೀವು ಭಾನುವಾರ ಮಾಡಿ ತಂಗಿ, ಮಗಳಿಗೆ ರಜೆ ಇರುತ್ತದೆ. ಒಂದು ಬಿಳಿ ತಟ್ಟೆ ಕೊಡಿ, ಸಿಕ್ಕಿದ್ದನ್ನು ಅದರಲ್ಲಿ ಹಾಕಲಿ.